‘ಕರ್ತರು ಹೇಳಿದರು’ ಎಂದು ನಂಬಿ ನಡೆದೆ. ಈಗ ಯಾವ ದನಿಯನ್ನು ನಂಬಲಿ?

ಸಣ್ಣ ಹಣತೆ:

ಎಲ್ಲರಿಗೂ ವಂದನೆಗಳು. ಇದನ್ನು ಬರೆಯಲು ಮೂರು ಸಲ ಕೂತಿದ್ದೇನೆ, ಮೂರು ಸಲವೂ ಅಳಿಸಿದ್ದೇನೆ. ಇವತ್ತು ಪೂರ್ತಿ ಬರೆದೇ ಏಳುತ್ತೇನೆ.

ಎರಡೂವರೆ ವರ್ಷ ಒಂದು ಪ್ರಾರ್ಥನಾ ಗುಂಪಿನಲ್ಲಿದ್ದೆ. ಅದನ್ನು ನಡೆಸುತ್ತಿದ್ದವರನ್ನು ನಾವೆಲ್ಲ ಅಕ್ಕ ಅಂತಲೇ ಕರೆಯುತ್ತಿದ್ದೆವು. ಮೊದಲ ದಿನವೇ ಅವರು ನನ್ನ ತಲೆಯ ಮೇಲೆ ಕೈಯಿಟ್ಟು, ನಾನು ಯಾರ ಹತ್ತಿರವೂ ಬಾಯಿ ಬಿಡದಿದ್ದ ಒಂದು ವಿಷಯ ಹೇಳಿದರು. ನಮ್ಮಪ್ಪ ತೀರಿಕೊಂಡ ರಾತ್ರಿ ನಾನು ಅವರ ಜೊತೆ ಮಾತು ಬಿಟ್ಟಿದ್ದೆ. ಅದು ಅಕ್ಕನಿಗೆ ಹೇಗೆ ಗೊತ್ತಾಯಿತು ಅಂತ ನನಗೆ ಇವತ್ತಿಗೂ ತಿಳಿದಿಲ್ಲ. ಅವತ್ತು ಅಲ್ಲೇ ಕುಸಿದು ಕೂತು ಅತ್ತೆ. ದೇವರು ನನ್ನನ್ನು ನೋಡಿದ್ದಾರೆ ಅನ್ನಿಸಿತು.

ಆಮೇಲೆ ಅವರು ಹೇಳಿದ್ದನ್ನೆಲ್ಲ ಒಂದು ನೋಟ್‌ಬುಕ್‌ನಲ್ಲಿ ತಾರೀಕು ಹಾಕಿ ಬರೆದಿಡಲು ಶುರು ಮಾಡಿದೆ. ನೀಲಿ ರಟ್ಟಿನ ನೋಟ್‌ಬುಕ್. ಮೊದಮೊದಲು ಎಲ್ಲ ಸಮಾಧಾನದ ಮಾತುಗಳು. ಹೋಗ್ತಾ ಹೋಗ್ತಾ ಅವೇ ಅಪ್ಪಣೆಗಳಾದವು. ಆ ಗೆಳತಿಯ ಸಹವಾಸ ಬಿಡು. ಆ ಸಭೆಗೆ ಹೋಗಬೇಡ, ಅಲ್ಲಿ ಆತ್ಮನಿಲ್ಲ. ಕೆಲಸಕ್ಕೆ ರಾಜೀನಾಮೆ ಕೊಡು, ಮೂರು ತಿಂಗಳಲ್ಲಿ ಸೇವೆಯ ಬಾಗಿಲು ತೆರೆಯುತ್ತದೆ. ಇದನ್ನು ಮನೆಯಲ್ಲಿ ಹೇಳಬೇಡ, ನಂಬಿಕೆಯಿಲ್ಲದವರು ನಿನ್ನ ನಂಬಿಕೆಯನ್ನೂ ಕದ್ದುಬಿಡುತ್ತಾರೆ.

ರಾಜೀನಾಮೆ ಕೊಟ್ಟೆ. ಮೂರು ತಿಂಗಳು ಆರಾಯಿತು, ಆರು ಹನ್ನೆರಡಾಯಿತು. ಯಾವ ಬಾಗಿಲೂ ತೆರೆಯಲಿಲ್ಲ. ಕೇಳಿದಾಗ, ‘ನಿನ್ನಲ್ಲಿ ಸಂಶಯದ ಆತ್ಮ ಇದೆ, ಅದಕ್ಕೇ ತಡವಾಗ್ತಿದೆ’ ಅಂದರು. ಅದು ಹೋಗಲಿ ಅಂತಲೂ ಉಪವಾಸ ಮಾಡಿದೆ.

ಹೊರಗೆ ಬಂದು ಎಂಟು ತಿಂಗಳಾಯಿತು. ಯೇಸುವನ್ನು ಬಿಟ್ಟಿಲ್ಲ. ಆದರೆ ಸತ್ಯವೇದ ತೆರೆದರೆ ವಾಕ್ಯ ಅಕ್ಕನ ದನಿಯಲ್ಲೇ ಕೇಳಿಸುತ್ತದೆ. ಪ್ರಾರ್ಥನೆಗೆ ಕೂತಾಗ ಮನಸ್ಸಿಗೆ ಏನಾದರೂ ಬಂದರೆ, ಇದು ದೇವರೋ, ನಾನೋ, ಬೇರೇನೋ ಅಂತ ಹೆದರಿ ಅರ್ಧಕ್ಕೇ ಎದ್ದುಬಿಡುತ್ತೇನೆ. ಒಂದು ಸಲ ಮೋಸ ಹೋದ ಕಿವಿ ಮತ್ತೆ ಕೇಳಲು ಕಲಿಯುತ್ತದಾ? ದಯವಿಟ್ಟು ‘ಪ್ರಾರ್ಥನೆ ಮಾಡಿ, ಎಲ್ಲ ಸರಿಹೋಗುತ್ತದೆ’ ಅಂತ ಮಾತ್ರ ಬರೆಯಬೇಡಿ. ಅದನ್ನೇ ಮಾಡಲು ಆಗುತ್ತಿಲ್ಲ.

ಬೆರೋಯದವನು:

ಸಿಸ್ಟರ್, ಎರಡು ಸಲ ಓದಿದೆ. ಮೊದಲು ಒಂದು ಮಾತು. ನೀವು ಪ್ರಶ್ನೆ ಕೇಳಿದ್ದನ್ನು ಅವರು ಸಂಶಯದ ಆತ್ಮ ಅಂದರಲ್ಲ, ಅದು ಸುಳ್ಳು. ನೀವು ಮಾಡಿದ್ದು ವಾಕ್ಯ ಹೇಳಿದ ಕೆಲಸ. ಎಲ್ಲ ಆತ್ಮಗಳನ್ನೂ ನಂಬಬೇಡಿ, ಅವು ದೇವರಿಂದ ಬಂದವೋ ಇಲ್ಲವೋ ಪರೀಕ್ಷಿಸಿ ಅಂತ ಯೋಹಾನನು ತನ್ನ ಮೊದಲ ಪತ್ರದ 4ನೇ ಅಧ್ಯಾಯದಲ್ಲಿ ಬರೆದದ್ದು ವಿಶ್ವಾಸಿಗಳಿಗೇ.

ನನ್ನ ಹೆಸರಿಗೆ ಕಾರಣವಾದ ಊರಿನ ಜನರನ್ನೇ ನೋಡಿ. ಪೌಲನು ಬಂದು ಸಾರಿದಾಗ ಬೆರೋಯದವರು ಸಿದ್ಧಮನಸ್ಸಿನಿಂದ ಕೇಳಿದರು. ಕೇಳಿ, ಅವನು ಹೇಳಿದ್ದು ಹೌದೋ ಅಲ್ಲವೋ ಅಂತ ದಿನಾಲೂ ಶಾಸ್ತ್ರ ತೆಗೆದು ನೋಡಿದರು (ಅಪೊಸ್ತಲರ ಕೃತ್ಯಗಳು 17:11). ಹೇಳಿದವನು ಸಾಮಾನ್ಯ ಮನುಷ್ಯನಲ್ಲ, ಅಪೊಸ್ತಲ! ಆದರೂ ಇದನ್ನು ಬರೆದ ಲೂಕನು ಅವರನ್ನು ಬೈಯುವುದಿಲ್ಲ, ಹೊಗಳುತ್ತಾನೆ.

ಇನ್ನು, ಮೊದಲ ದಿನ ಅವರು ನಿಮ್ಮ ಗುಟ್ಟು ಹೇಳಿದ್ದು. ನಿಮ್ಮನ್ನು ಕಟ್ಟಿಹಾಕಿದ್ದು ಅದೇ ಅಲ್ವಾ? ಧರ್ಮೋಪದೇಶಕಾಂಡದಲ್ಲಿ ಎರಡು ಪರೀಕ್ಷೆಗಳಿವೆ. 18ನೇ ಅಧ್ಯಾಯದ್ದು ನಮಗೆಲ್ಲ ಗೊತ್ತು: ಹೇಳಿದ ಮಾತು ನಡೆಯದಿದ್ದರೆ ಅದು ಕರ್ತರ ಮಾತಲ್ಲ. 13ನೇ ಅಧ್ಯಾಯದ್ದನ್ನು ನಾವು ಮರೆತುಬಿಡುತ್ತೇವೆ. ಹೇಳಿದ ಗುರುತು ನಡೆದೇ ನಡೆದರೂ, ಆ ಪ್ರವಾದಿ ನಿಮ್ಮನ್ನು ದೇವರಿಂದ ದೂರ ಎಳೆದರೆ ಅವನ ಮಾತಿಗೆ ಕಿವಿಗೊಡಬೇಡಿ ಅಂತ ಅಲ್ಲಿದೆ. ಅಂದರೆ ಗುರುತು ನಿಜವಾಗಬಹುದು, ಕರೆದೊಯ್ಯುವ ದಾರಿ ತಪ್ಪಿರಬಹುದು.

ಫಿಲಿಪ್ಪಿಯ ದಾಸಿಯನ್ನು ನೆನಪಿಸಿಕೊಳ್ಳಿ (ಅಪೊಸ್ತಲರ ಕೃತ್ಯಗಳು 16). ಇವರು ಪರಾತ್ಪರ ದೇವರ ದಾಸರು, ರಕ್ಷಣೆಯ ಮಾರ್ಗ ಸಾರುತ್ತಾರೆ ಅಂತ ಕೂಗುತ್ತಾ ಪೌಲನ ಹಿಂದೆಯೇ ಬರುತ್ತಿದ್ದಳು. ಅದರಲ್ಲಿ ಒಂದಕ್ಷರ ಸುಳ್ಳಿಲ್ಲ. ಆದರೂ ಪೌಲನು ಕೊನೆಗೆ ತಿರುಗಿ ನಿಂತು ಗದರಿಸಿದ್ದು ಅವಳೊಳಗಿದ್ದ ಕಣಿ ಹೇಳುವ ಆತ್ಮವನ್ನೇ. ಅದೂ ಅನೇಕ ದಿನಗಳ ಮೇಲೆ. ನೀವು ಎರಡೂವರೆ ವರ್ಷ ತೆಗೆದುಕೊಂಡಿರಿ ಅಂತ ನಿಮ್ಮನ್ನು ನೀವೇ ಹಳಿದುಕೊಳ್ಳಬೇಡಿ.

ಕಿಟಕಿ:

‘ಮನೆಯಲ್ಲಿ ಹೇಳಬೇಡ’ ಅನ್ನುವ ಸಾಲಿಗೆ ಬಂದಾಗ ಮುಂದೆ ಓದಲು ಆಗಲಿಲ್ಲ. ನಮಗೂ ಇದೇ ಮಾತು ಹೇಳಿದ್ದರು. ನಮ್ಮಣ್ಣನ ಫೋನ್ ಬಂದರೆ ನಾನು ತೆಗೆಯುತ್ತಲೇ ಇರಲಿಲ್ಲ. ಹೊರಗೆ ಬಂದ ದಿನ ನಾನೇ ಮಾಡಿದೆ. ಎಲ್ಲಿದ್ದೆ, ಯಾಕೆ ಮಾಡಲಿಲ್ಲ, ಏನೂ ಕೇಳಲಿಲ್ಲ ಅವನು. ‘ಊಟ ಆಯ್ತಾ’ ಅಂದ. ಅಷ್ಟೇ.

ಸಣ್ಣ ಹಣತೆ, ಕಿವಿಯ ವಿಷಯ ಆಮೇಲೆ ನೋಡೋಣ. ಮೊದಲು ನೀವು ಮಾತು ಬಿಟ್ಟ ಆ ಗೆಳತಿಗೆ ಒಂದು ಕರೆ ಮಾಡಿ.

ಉರಿಯುವ ಪೊದೆ:

ಸಿಸ್ಟರ್, ನಿಮಗಾದ ನೋವಿಗೆ ನನ್ನ ಮನಸ್ಸೂ ಮರುಗುತ್ತದೆ. ಆದರೂ ನನ್ನೊಳಗಿನ ಭಯವನ್ನು ಮುಚ್ಚಿಡದೆ ಹೇಳುತ್ತೇನೆ. ಇಂಥ ಸಾಕ್ಷಿಗಳನ್ನು ಓದಿ ಜನ ಪ್ರವಾದನೆಯ ವರವನ್ನೇ, ಅಂದರೆ ದೇವರ ಮಾತನ್ನು ಕೇಳಿ ಹೇಳುವ ವರವನ್ನೇ, ದೂರ ಇಡುತ್ತಾರೆ. ನಾನು ಕುಡಿತದಲ್ಲಿ ಮುಳುಗಿದ್ದಾಗ ಗುರುತೇ ಇಲ್ಲದ ಒಬ್ಬ ಸಹೋದರ ನನ್ನ ಹೆಗಲು ಹಿಡಿದು, ‘ನಿನ್ನ ಜೇಬಿನಲ್ಲಿರುವ ಪತ್ರವನ್ನು ಹರಿದು ಹಾಕು, ಕರ್ತರು ನಿನ್ನನ್ನು ಬಿಟ್ಟಿಲ್ಲ’ ಅಂದರು. ಅದು ನಾನು ಸಾಯಲು ಹೊರಟು ಬರೆದಿದ್ದ ಪತ್ರ. ಆ ಮಾತು ಇಲ್ಲದಿದ್ದರೆ ಇವತ್ತು ಇದನ್ನು ಬರೆಯಲು ನಾನಿರುತ್ತಿರಲಿಲ್ಲ. ಆತ್ಮನನ್ನು ನಂದಿಸಬೇಡಿ, ಪ್ರವಾದನೆಗಳನ್ನು ಹೀನೈಸಬೇಡಿ ಅಂತಲೂ ಪೌಲನೇ ಬರೆದಿದ್ದಾನೆ. ‘ನಾನು ಅಭಿಷೇಕಿಸಿದವರನ್ನು ಮುಟ್ಟಬೇಡಿ’ ಅನ್ನುವ ಮಾತೂ ಇದೆ. ಸೇವಕರ ಬಗ್ಗೆ ಮಾತಾಡುವಾಗ ಭಯ ಇರಲಿ ಅಂತ ನನ್ನ ಕೋರಿಕೆ.

ಬೆರೋಯದವನು:

ಬ್ರದರ್, ನಿಮ್ಮನ್ನು ಉಳಿಸಿದ ಆ ಮಾತಿಗಾಗಿ ನಾನೂ ದೇವರಿಗೆ ಸ್ತೋತ್ರ ಹೇಳುತ್ತೇನೆ. ಆ ಸಹೋದರ ನಿಮ್ಮಿಂದ ಏನು ಕೇಳಿದರು? ಏನೂ ಇಲ್ಲ. ನಿಮ್ಮನ್ನು ಬದುಕಿನ ಕಡೆ ತಿರುಗಿಸಿ ತಮ್ಮ ದಾರಿ ಹಿಡಿದರು.

ಥೆಸಲೋನಿಕದವರಿಗೆ ಬರೆದ ಆ ಭಾಗವನ್ನು ಇನ್ನೊಂದೇ ಸಾಲು ಮುಂದೆ ಓದಿ. ಪ್ರವಾದನೆಗಳನ್ನು ಹೀನೈಸಬೇಡಿ ಅಂದ ಕೂಡಲೇ, ಎಲ್ಲವನ್ನೂ ಪರೀಕ್ಷಿಸಿ ಒಳ್ಳೆಯದನ್ನು ಹಿಡಿದುಕೊಳ್ಳಿ ಅಂತಿದೆ. ಎರಡೂ ಒಂದೇ ಉಸಿರಿನ ಮಾತು. ಕೊರಿಂಥದ ಸಭೆಗೂ ಅಷ್ಟೇ: ಪ್ರವಾದಿಗಳು ಇಬ್ಬರೋ ಮೂವರೋ ಮಾತಾಡಲಿ, ಉಳಿದವರು ಅದನ್ನು ತೂಗಿ ನೋಡಲಿ (1 ಕೊರಿಂಥ 14:29).

‘ಅಭಿಷೇಕಿಸಿದವರನ್ನು ಮುಟ್ಟಬೇಡಿ’ ಅನ್ನುವ ವಾಕ್ಯದ ಬಗ್ಗೆ ಸ್ವಲ್ಪ ಜಾಸ್ತಿ ಬರೆಯುತ್ತೇನೆ, ಯಾಕೆಂದರೆ ಇದರಿಂದ ಬಹಳ ಜನರ ಬಾಯಿ ಮುಚ್ಚಿಸಿದ್ದಾರೆ. ಅದು 105ನೇ ಕೀರ್ತನೆ. ಅಬ್ರಹಾಮ, ಇಸಾಕ, ಯಾಕೋಬರು ಪರದೇಶಿಗಳಾಗಿ ಅಲೆಯುತ್ತಿದ್ದಾಗ ಅವರಿಗೆ ಕೇಡು ಮಾಡಬೇಡಿ ಅಂತ ದೇವರು ಅರಸರನ್ನು ಎಚ್ಚರಿಸಿದ ಮಾತು. ಬಲ ಇದ್ದವರಿಗೆ, ಬಲ ಇಲ್ಲದವರ ಪರವಾಗಿ ಹೇಳಿದ್ದು! ನಾವು ಅದನ್ನು ತಲೆಕೆಳಗು ಮಾಡಿಕೊಂಡಿದ್ದೇವೆ. ದಾವೀದನೂ ತನ್ನ ಬೆನ್ನಟ್ಟಿದ್ದ ಅರಸ ಸೌಲನು ಗವಿಯಲ್ಲಿ ಕೈಗೆ ಸಿಕ್ಕಿದಾಗ ಅವನನ್ನು ಕೊಲ್ಲಲು ಕೈಯೆತ್ತಲಿಲ್ಲ, ನಿಜ. ಆದರೆ ಗವಿಯಿಂದ ಹೊರಗೆ ಬಂದು ಏನು ಮಾಡಿದ? ಸೌಲನ ನಿಲುವಂಗಿಯಿಂದ ಕತ್ತರಿಸಿದ ತುಂಡನ್ನು ಕೈಯಲ್ಲಿ ಎತ್ತಿ ಹಿಡಿದು, ಎಲ್ಲರ ಎದುರಿಗೆ, ನಾನು ನಿನಗೆ ತಪ್ಪು ಮಾಡಿಲ್ಲ, ನೀನೇ ನನ್ನ ಪ್ರಾಣಕ್ಕೆ ಹೊಂಚು ಹಾಕಿದ್ದೀ ಅಂತ ಕೂಗಿ ಹೇಳಿದ. ಅಭಿಷೇಕ ಹೊಂದಿದ ಅರಸನ ಮುಖಕ್ಕೇ ಹೇಳಿದ.

ಗಡಿಯಾರ:

ಮೂರು ತಿಂಗಳು ಆರಾದದ್ದು, ಆರು ಹನ್ನೆರಡಾದದ್ದು ಓದಿ ನನಗೆ ಚರಿತ್ರೆಯ ಪುಟಗಳು ನೆನಪಾದವು. ಅಮೆರಿಕದ ವಿಲಿಯಂ ಮಿಲ್ಲರ್ ಕ್ರಿಸ್ತನ ಬರುವಿಕೆ 1844ರ ಮಾರ್ಚ್ 21ರೊಳಗೆ ಅಂತ ಲೆಕ್ಕ ಹಾಕಿದ್ದ. ಆ ದಿನ ಕಳೆಯಿತು. ಹಿಂಬಾಲಕರು ಅಕ್ಟೋಬರ್ 22 ಅಂದರು. ಅದೂ ಕಳೆಯಿತು. ಅವತ್ತು ರಾತ್ರಿಯೆಲ್ಲ ಕಾದು ಕೂತಿದ್ದವರ ಅಳುವನ್ನು ನೆನೆದರೆ ಸಂಕಟವಾಗುತ್ತದೆ, ಯಾಕೆಂದರೆ ಅವರು ಪ್ರಾಮಾಣಿಕ ಜನ. ಹೆರಾಲ್ಡ್ ಕ್ಯಾಂಪಿಂಗ್ ರೇಡಿಯೋದಲ್ಲಿ 2011ರ ಮೇ 21 ಅಂದರು, ಆಮೇಲೆ ಅಕ್ಟೋಬರ್ 21 ಅಂದರು. 2012ರಲ್ಲಿ ಅವರೇ ಅದು ಪಾಪ ಅಂತ ಒಪ್ಪಿಕೊಂಡರು. ಒಪ್ಪಿಕೊಂಡದ್ದಕ್ಕೆ ನಾನು ಅವರನ್ನು ಗೌರವಿಸುತ್ತೇನೆ.

ಪ್ರವಾದಿ ಯೆರೆಮೀಯನ ಕಾಲದಲ್ಲಿ ಹನನ್ಯ ಅನ್ನುವ ಸುಳ್ಳು ಪ್ರವಾದಿಯೂ ಹೀಗೇ ಮಾಡಿದ. ಎರಡೇ ವರ್ಷ, ಬಾಬೆಲಿಗೆ ಸೆರೆ ಹೋದವರೆಲ್ಲ ವಾಪಸ್ ಬರುತ್ತಾರೆ ಅಂದ. ಯೆರೆಮೀಯನಿಗೆ ಬಂದಿದ್ದ ಮಾತು ಎಪ್ಪತ್ತು ವರ್ಷ. ಯಾವುದನ್ನು ಕೇಳಲು ಜನರಿಗೆ ಆಸೆ ಇರುತ್ತದೆ, ನೀವೇ ಹೇಳಿ. ಯೆರೆಮೀಯನು ಮೊದಲು ಏನಂದ ಗೊತ್ತಾ? ಆಮೆನ್, ಕರ್ತರು ಹಾಗೇ ಮಾಡಲಿ ಅಂದ. ಅವನ ಮನಸ್ಸೂ ಅದನ್ನೇ ಬಯಸಿತ್ತು. ಬಯಸಿದ್ದು ದೇವರ ಮಾತಾಗಿಬಿಡುವುದಿಲ್ಲ ಅಂತ ಅವನಿಗೆ ತಿಳಿದಿತ್ತು.

ಇನ್ನೊಂದು ವಿಷಯ, ಹಣ. ಕ್ರೈಸ್ತರ ಅತಿ ಹಳೆಯ ಬರಹಗಳಲ್ಲಿ ಒಂದಾದ ದಿದಾಖೆ 1873ರಲ್ಲಿ ಮತ್ತೆ ಸಿಕ್ಕಿತು. ಅಲ್ಲಿ ಅಲೆದಾಡುವ ಪ್ರವಾದಿಗಳನ್ನು ಗುರುತಿಸುವ ಬಗೆ ಇದೆ. ಹೊರಡುವಾಗ ದಾರಿಗೆ ಬೇಕಾದ ರೊಟ್ಟಿ ಮಾತ್ರ ತೆಗೆದುಕೊಳ್ಳಲಿ, ಹಣ ಕೇಳಿದರೆ ಅವನು ಸುಳ್ಳು ಪ್ರವಾದಿ. ಅಷ್ಟು ನೇರವಾಗಿ ಬರೆದಿಟ್ಟಿದ್ದಾರೆ.

ಸಣ್ಣ ಹಣತೆ:

ಹನನ್ಯನ ಕಥೆಯನ್ನು ನಿನ್ನೆ ರಾತ್ರಿ ತೆಗೆದು ಓದಿದೆ. ‘ಆಮೆನ್’ ಅನ್ನುವಲ್ಲಿ ತುಂಬ ಹೊತ್ತು ನಿಂತೆ. ನನಗೂ ಆ ಕೆಲಸ ಮೊದಲಿಂದಲೂ ಬೇಡವಾಗಿತ್ತು. ಬಿಟ್ಟುಬಿಡು ಅಂತ ಯಾರಾದರೂ ಹೇಳಲಿ ಅಂತ ಕಾಯುತ್ತಿದ್ದೆನೇನೋ. ಇದನ್ನು ಬರೆಯಲು ಕಷ್ಟವಾಗುತ್ತಿದೆ. ಆದರೆ ನಿಜ.

ಗೆಳತಿಗೆ ಫೋನ್ ಮಾಡಿದೆ. ಅವಳು ಎತ್ತಲಿಲ್ಲ. ಮೆಸೇಜ್ ಬಿಟ್ಟಿದ್ದೇನೆ.

ಮೂರನೆಯ ಬೆಂಚು:

ಮಗಳೇ, ನನಗೆ ಎಪ್ಪತ್ತು ದಾಟಿದೆ, ಹಾಗಾಗಿ ಹೀಗೆ ಕರೆಯುತ್ತಿದ್ದೇನೆ. ನೀನು ಈಗ ಬರೆದ ಆ ನಾಲ್ಕು ಸಾಲು ಇದೆಯಲ್ಲ, ಮೋಸ ಹೋದ ಕಿವಿ ಅದನ್ನು ಬರೆಯುವುದಿಲ್ಲ. ನಿನ್ನ ಕಿವಿ ಆಗಲೇ ಕೇಳಲು ಶುರು ಮಾಡಿದೆ.

1 ಅರಸುಗಳು 13ನೇ ಅಧ್ಯಾಯವನ್ನು ನಾನು ಚಿಕ್ಕವಳಿದ್ದಾಗಿನಿಂದ ಓದಿದ್ದೇನೆ, ಓದಿದಾಗಲೆಲ್ಲ ಮನಸ್ಸು ಭಾರವಾಗುತ್ತದೆ. ಯೆಹೂದದಿಂದ ಬಂದ ಒಬ್ಬ ದೇವರ ಮನುಷ್ಯ. ಇಲ್ಲಿ ಉಣ್ಣಬೇಡ, ಕುಡಿಯಬೇಡ, ಬಂದ ದಾರಿಯಲ್ಲಿ ಹಿಂದಿರುಗಬೇಡ ಅಂತ ದೇವರು ಅವನಿಗೆ ಹೇಳಿದ್ದರು. ಅರಸನು ಊಟಕ್ಕೆ ಕರೆದ, ಬರಲ್ಲ ಅಂದ. ಅಷ್ಟು ಗಟ್ಟಿಗ. ಆಮೇಲೆ ದಾರಿಯಲ್ಲಿ ಒಂದು ಮರದ ಕೆಳಗೆ ಕೂತ. ಬೇತೇಲಿನ ಮುದುಕ ಪ್ರವಾದಿ ಹುಡುಕಿಕೊಂಡು ಬಂದು, ನಾನೂ ನಿನ್ನಂತೆ ಪ್ರವಾದಿಯೇ, ನಿನ್ನನ್ನು ಕರೆತಂದು ಊಟ ಹಾಕಬೇಕು ಅಂತ ದೇವದೂತನೇ ನನಗೆ ಹೇಳಿದ ಅಂದ. ಸುಳ್ಳು. ಇವನು ಹೋಗಿ ಉಂಡ. ವಾಪಸ್ ಹೋಗುವಾಗ ಸಿಂಹ ಅವನನ್ನು ಕೊಂದುಹಾಕಿತು.

ಅರಸನ ಮುಂದೆ ನಿಂತವನು ಮರದ ಕೆಳಗೆ ಸೋತ. ಹಸಿವು, ದಣಿವು. ಎದುರಿಗೆ ತನ್ನಂಥವನೇ, ತನಗಿಂತ ಹಿರಿಯ. ಆ ಮುದುಕನನ್ನು ಅವನು ಒಂದೇ ಒಂದು ಮಾತು ಕೇಳಬಹುದಿತ್ತು: ದೇವರು ನನಗೆ ಹೇಳಿದ್ದನ್ನು ಬದಲಿಸುವುದಾದರೆ ನನಗೇ ಯಾಕೆ ಹೇಳಲಿಲ್ಲ? ಕೇಳಲಿಲ್ಲ. ನೀನೂ ದಣಿದಿದ್ದೆ ಮಗಳೇ. ಅಪ್ಪನನ್ನು ಕಳೆದುಕೊಂಡು ದಣಿದಿದ್ದೆ.

ಮರುಭೂಮಿಯ ಸನ್ಯಾಸಿಗಳಲ್ಲಿ ಹೆರೋನ್ ಅಂತ ಒಬ್ಬನಿದ್ದ. ಜಾನ್ ಕ್ಯಾಸಿಯನ್ ಐದನೇ ಶತಮಾನದಲ್ಲಿ ಅವನ ಕಥೆ ಬರೆದಿಟ್ಟಿದ್ದಾನೆ. ಐವತ್ತು ವರ್ಷ ಕಠಿಣ ಉಪವಾಸ. ಪಾಸ್ಕ (ಈಸ್ಟರ್) ಹಬ್ಬದ ದಿನವೂ ಸಹೋದರರ ಜೊತೆ ಕೂತು ಉಣ್ಣುತ್ತಿರಲಿಲ್ಲ. ಒಬ್ಬನೇ ಇರುತ್ತಿದ್ದ. ಕೊನೆಗೆ ಸೈತಾನನನ್ನೇ ದೇವದೂತ ಅಂತ ನಂಬಿ, ನನಗೇನೂ ಆಗುವುದಿಲ್ಲ ಅಂತ ನಡುರಾತ್ರಿ ಬಾವಿಗೆ ಹಾರಿದ. ಸಹೋದರರು ಕಷ್ಟಪಟ್ಟು ಎತ್ತಿದರು. ಮೂರನೇ ದಿನ ಸತ್ತ. ಸಾಯುವಾಗಲೂ ತಾನು ಮೋಸ ಹೋದೆ ಅಂತ ಒಪ್ಪಲಿಲ್ಲ. ಹಿಂದಿನವರು ಇದನ್ನು ಉಪವಾಸ ತಪ್ಪು ಅಂತ ಹೇಳಲು ಬರೆಯಲಿಲ್ಲ. ಯಾರ ಮಾತನ್ನೂ ಕೇಳದೆ ತನ್ನ ತೀರ್ಪನ್ನೇ ನಂಬಿದ್ದಕ್ಕೆ ಹೀಗಾಯಿತು ಅಂತ ಬರೆದರು.

ತಡವಾಗಿ ಬಂದವನು:

ಇಷ್ಟು ದಿನ ಸುಮ್ನೆ ಓದುತ್ತಿದ್ದೆ. ಇವತ್ತು ಬರೆಯದಿದ್ದರೆ ನಿದ್ದೆ ಬರುವುದಿಲ್ಲ. ನಾನು ಆ ಅಕ್ಕನ ಜಾಗದಲ್ಲಿದ್ದವನು.

ನನ್ನ ಗೆಳೆಯನ ಹೆಂಡತಿ ಆಸ್ಪತ್ರೆಯಲ್ಲಿದ್ದರು. ನಾನು ಪ್ರಾರ್ಥನೆಗೆ ಹೋದೆ. ಮಂಚದ ಸುತ್ತ ಏಳೆಂಟು ಜನ. ಗೆಳೆಯ ನನ್ನ ಮಣಿಕಟ್ಟು ಹಿಡಿದಿದ್ದ, ಉಗುರು ನಾಟುವಷ್ಟು ಗಟ್ಟಿಯಾಗಿ. ಎದೆಯಲ್ಲಿ ಬಿಸಿ ಏರಿತು. ದನಿ ತಾನಾಗಿ ದೊಡ್ಡದಾಯಿತು. ‘ಕರ್ತರು ಹೇಳುತ್ತಾರೆ, ಇವಳು ಸಾಯುವುದಿಲ್ಲ, ಬದುಕುತ್ತಾಳೆ’ ಅಂದೆ. ಎಲ್ಲರೂ ಅಳುತ್ತಾ ಸ್ತೋತ್ರ ಹೇಳಿದರು. ನಾನು ಸುಳ್ಳು ಹೇಳಲಿಲ್ಲ, ದಯವಿಟ್ಟು ನಂಬಿ. ಆ ಗಳಿಗೆಯಲ್ಲಿ ಅದು ದೇವರ ಮಾತೇ ಅಂತ ನನಗೆ ಖಾತ್ರಿ ಇತ್ತು. ಈಗ ತಿರುಗಿ ನೋಡಿದರೆ, ಅವನಿಗೆ ಬೇಕಾಗಿದ್ದ ಮಾತು ನನ್ನ ಬಾಯಿಂದ ಬಂತು. ಅಷ್ಟು ಜನ ನನ್ನನ್ನೇ ನೋಡುತ್ತಿದ್ದಾಗ ‘ನನಗೆ ಗೊತ್ತಿಲ್ಲ’ ಅನ್ನುವ ಧೈರ್ಯ ನನ್ನಲ್ಲಿರಲಿಲ್ಲ.

ಹನ್ನೊಂದನೇ ದಿನ ಅವರು ತೀರಿಕೊಂಡರು. ನನ್ನ ಮಾತನ್ನು ನಂಬಿ ಗೆಳೆಯ ಮಕ್ಕಳನ್ನು ಆಸ್ಪತ್ರೆಗೆ ಕರೆತಂದೇ ಇರಲಿಲ್ಲ. ಅಮ್ಮ ಮನೆಗೆ ಬರ್ತಾಳಲ್ಲ ಅಂತ. ಮಕ್ಕಳು ಅಮ್ಮನ ಕೊನೆಯ ಮುಖವನ್ನು ನೋಡಲಿಲ್ಲ. ನಾನು ಅದಕ್ಕಿಂತ ಕೆಟ್ಟದ್ದನ್ನೂ ಮಾಡಿದೆ. ಮನೆಯಲ್ಲಿ ಯಾರದೋ ನಂಬಿಕೆ ಸಾಲಲಿಲ್ಲ ಅಂತ ಬೇರೆಯವರ ಹತ್ತಿರ ಹೇಳಿದೆ. ಆಮೇಲೆ ಆ ಬೀದಿಗೇ ಹೋಗಲಿಲ್ಲ. ನಾಲ್ಕು ವರ್ಷ.

ಒಂದು ಬೆಳಿಗ್ಗೆ 2 ಸಮುವೇಲ 7ನೇ ಅಧ್ಯಾಯ ಓದುತ್ತಿದ್ದೆ. ದಾವೀದನು ದೇವಾಲಯ ಕಟ್ಟಬೇಕು ಅಂತಾನೆ. ನಾತಾನನು, ಹೋಗು, ಮನಸ್ಸಿನಲ್ಲಿರುವುದನ್ನೆಲ್ಲ ಮಾಡು, ಕರ್ತರು ನಿನ್ನ ಸಂಗಡ ಇದ್ದಾರೆ ಅಂತಾನೆ. ಅದೇ ರಾತ್ರಿ ದೇವರು ನಾತಾನನ ಹತ್ತಿರ ಮಾತಾಡಿ, ಅಲ್ಲ, ಅವನು ಕಟ್ಟುವುದಿಲ್ಲ ಅಂತಾರೆ. ನಾತಾನನು ನಿಜವಾದ ಪ್ರವಾದಿ. ಅವನೂ ಅವತ್ತು ಅವಸರಪಟ್ಟು ತಪ್ಪಾಗಿ ಹೇಳಿದ. ಆದರೆ ಅರಸನ ಮುಂದೆ ಹೋಗಿ ತನ್ನ ಮಾತನ್ನು ತಿದ್ದಿದ. ಸತ್ಯವೇದ ಮುಚ್ಚಿ ಅವತ್ತೇ ಗೆಳೆಯನ ಮನೆಗೆ ಹೋದೆ.

ಬಾಗಿಲು ತೆರೆದವನು ಅವನೇ. ನಾನು ಏನು ಹೇಳಿದೆ ಅಂತ ಸರಿಯಾಗಿ ನೆನಪಿಲ್ಲ. ದೇವರು ಹೇಳಿರಲಿಲ್ಲ, ನಾನು ಹೇಳಿದ್ದು ಅಂತ ಹೇಳಿದ್ದು ನೆನಪಿದೆ. ಅವನು ತುಂಬ ಹೊತ್ತು ನೆಲ ನೋಡುತ್ತಿದ್ದ. ‘ಮೊದಲ ವರ್ಷ ನೀನು ಬರ್ತೀಯ ಅಂತ ಕಾದೆ’ ಅಂದ.

ಸಿಸ್ಟರ್, ನಿಮ್ಮ ಹತ್ತಿರ ಆ ಅಕ್ಕ ಬರುತ್ತಾರೋ ಇಲ್ಲವೋ. ಅವರ ಜಾಗದಲ್ಲಿದ್ದ ನಾನು ಕ್ಷಮೆ ಕೇಳುತ್ತೇನೆ. ಈಗ ಯಾರಿಗಾದರೂ ಪ್ರಾರ್ಥನೆ ಮಾಡುವಾಗ ಏನಾದರೂ ಮನಸ್ಸಿಗೆ ಬಂದರೆ, ‘ನನಗೆ ಹೀಗನ್ನಿಸ್ತಿದೆ, ತಪ್ಪಿರಬಹುದು, ನೀವೇ ತೂಗಿ ನೋಡಿ’ ಅಂತಷ್ಟೇ ಹೇಳುತ್ತೇನೆ.

ಉರಿಯುವ ಪೊದೆ:

ಬ್ರದರ್, ಓದಿ ಮುಗಿಸಿ ಮೊಣಕಾಲೂರಿದೆ. ನಾನೂ ನಮ್ಮ ಗುಂಪಿನಲ್ಲಿ ‘ಕರ್ತರು ಹೇಳುತ್ತಾರೆ’ ಅಂತ ಎಷ್ಟು ಸಲೀಸಾಗಿ ಹೇಳಿದ್ದೇನೆ ಅಂತ ನೆನಪಾಯಿತು. ಅದರಲ್ಲಿ ಇಬ್ಬರ ಮನೆಗೆ ಈ ವಾರ ಹೋಗುತ್ತೇನೆ. ಬೆರೋಯದವನು ಹೇಳಿದ 105ನೇ ಕೀರ್ತನೆಯನ್ನೂ ತೆಗೆದು ನೋಡಿದೆ. ಅವರು ಹೇಳಿದ್ದು ಸರಿ.

ಮೊದಲ ಪ್ರೀತಿ:

ಇನ್ನೊಂದು ಗುಂಡಿಯೂ ಇದೆ, ನಾನು ಅದರಲ್ಲಿ ಬಿದ್ದೆ. ಒಂದು ಸಲ ಮೋಸ ಹೋದ ಮೇಲೆ ಆರು ವರ್ಷ ನಾನು ಸುಳ್ಳು ಬೋಧಕರನ್ನು ಹುಡುಕುವುದನ್ನೇ ಕೆಲಸ ಮಾಡಿಕೊಂಡೆ. ಯಾರು ಹಾಡಿದರೂ ಪದ ಹಿಡಿದು ನೋಡುತ್ತಿದ್ದೆ. ಯಾರು ಪ್ರಸಂಗ ಮಾಡಿದರೂ ತಪ್ಪು ಬರೆದುಕೊಳ್ಳುತ್ತಿದ್ದೆ. ನಾನು ಹೇಳಿದ್ದರಲ್ಲಿ ಬಹಳಷ್ಟು ಸರಿಯೇ ಇತ್ತು. ಆದರೆ ಆ ಆರು ವರ್ಷದಲ್ಲಿ ನಾನು ಒಬ್ಬರಿಗೂ ಒಂದು ಲೋಟ ನೀರು ಕೊಟ್ಟ ನೆನಪಿಲ್ಲ.

ಪ್ರಕಟನೆ 2ರಲ್ಲಿ ಎಫೆಸದ ಸಭೆಯನ್ನು ಕರ್ತರು ಮೊದಲು ಮೆಚ್ಚುತ್ತಾರೆ. ಸುಳ್ಳು ಅಪೊಸ್ತಲರನ್ನು ಪರೀಕ್ಷಿಸಿ ಕಂಡುಹಿಡಿದಿದ್ದೀ ಅಂತಾರೆ. ಆಮೇಲೆ, ಮೊದಲಿದ್ದ ಪ್ರೀತಿಯನ್ನು ಬಿಟ್ಟುಬಿಟ್ಟಿದ್ದೀ ಅಂತಾರೆ. ನನಗೆ ಬರೆದ ಹಾಗೇ ಇತ್ತು.

ಮೂರನೆಯ ಬೆಂಚು:

ಮಗಳು ಕೇಳಿದ ಪ್ರಶ್ನೆಗೆ ನಾವಿನ್ನೂ ಪೂರ್ತಿ ಉತ್ತರ ಕೊಟ್ಟಿಲ್ಲ. ಮತ್ತೆ ಕೇಳಲು ಕಲಿಯುವುದು ಹೇಗೆ? ನನಗೆ ತಿಳಿದಷ್ಟು ಹೇಳುತ್ತೇನೆ.

ಇಗ್ನೇಷಿಯಸ್ ಲೊಯೋಲಾ ಅನ್ನುವ ಸೈನಿಕನಿಗೆ 1521ರಲ್ಲಿ ಪಾಂಪ್ಲೋನದ ಯುದ್ಧದಲ್ಲಿ ಗುಂಡು ಬಿದ್ದು ಕಾಲು ಮುರಿಯಿತು. ಹಾಸಿಗೆಯಲ್ಲಿ ತಿಂಗಳುಗಟ್ಟಲೆ ಮಲಗಿದ್ದ. ಸಾಹಸದ ಕನಸು ಕಾಣುತ್ತಿದ್ದ, ಸಂತರ ಹಾಗೆ ಬದುಕುವ ಕನಸನ್ನೂ ಕಾಣುತ್ತಿದ್ದ. ಕಾಣುವಾಗ ಎರಡೂ ಸಿಹಿಯೇ. ಆದರೆ ಮೊದಲನೆಯದು ಮುಗಿದ ಮೇಲೆ ಮನಸ್ಸು ಒಣಗುತ್ತಿತ್ತು, ಎರಡನೆಯದು ಮುಗಿದ ಮೇಲೂ ಸಂತೋಷ ಉಳಿಯುತ್ತಿತ್ತು. ಅಷ್ಟನ್ನು ಗಮನಿಸಿದ್ದೇ ಅವನಿಗೆ ಪಾಠವಾಯಿತು. ಮುಂದಿನ ವರ್ಷ ಅವನಿಗೆ ಗಾಳಿಯಲ್ಲಿ ತುಂಬ ಚಂದದ್ದೊಂದು ಕಾಣಿಸಿಕೊಳ್ಳುತ್ತಿತ್ತು. ಹಾವಿನಂಥ ರೂಪ, ಮೈಮೇಲೆಲ್ಲ ಕಣ್ಣಿನಂತೆ ಹೊಳೆಯುವ ಚುಕ್ಕೆ. ನೋಡಿದರೆ ಸಮಾಧಾನ ಆಗುತ್ತಿತ್ತಂತೆ. ಒಂದು ದಿನ ಶಿಲುಬೆಯ ಮುಂದೆ ಮೊಣಕಾಲೂರಿದ್ದಾಗ ಅದೇ ಬಂತು, ಅವತ್ತು ಅದರ ಬಣ್ಣ ಮಂಕಾಗಿತ್ತು. ಆಗ ಅದು ಯಾರದ್ದು ಅಂತ ತಿಳಿಯಿತು. ಹಾಗಾಗಿ ಬಂದ ಗಳಿಗೆಯಲ್ಲೇ ತೀರ್ಮಾನ ಬೇಡ. ರುಚಿ ಏನುಳಿಯುತ್ತದೆ ನೋಡು. ಅವನ ಇನ್ನೊಂದು ಮಾತೂ ನಿನಗೆ ಬೇಕು: ಮನಸ್ಸು ಕತ್ತಲಾಗಿರುವಾಗ ಮೊದಲು ಮಾಡಿದ ಒಳ್ಳೆಯ ನಿರ್ಧಾರವನ್ನು ಬದಲಿಸಬೇಡ.

ವಾಕ್ಯವನ್ನು ತುಂಡು ತುಂಡಾಗಿ ಓದಬೇಡ. ಸೈತಾನನೂ ಯೇಸುವಿಗೆ 91ನೇ ಕೀರ್ತನೆಯ ತುಂಡನ್ನೇ ಹೇಳಿದ್ದು. ಮಾರ್ಕನ ಸುವಾರ್ತೆ ತೆಗೆದುಕೋ, ಚಿಕ್ಕದು. ದಿನಕ್ಕೊಂದು ಅಧ್ಯಾಯ, ಗಟ್ಟಿಯಾಗಿ ಓದು. ಆ ಅಕ್ಕನ ದನಿ ಕೇಳಿಸುತ್ತದೆ ಅಂದೆಯಲ್ಲ, ನಿನ್ನ ದನಿಯಲ್ಲಿ ಓದು. ನನಗೇನು ಹೇಳ್ತಾರೆ ಅಂತ ಹುಡುಕಬೇಡ. ಯೇಸು ಹೇಗೆ ನಡೀತಾರೆ, ಯಾರನ್ನು ಮುಟ್ತಾರೆ, ಯಾರ ಹತ್ತಿರ ಸಿಟ್ಟಾಗ್ತಾರೆ ಅಂತ ನೋಡು. ಕುರಿಗಳು ಕುರುಬನ ದನಿ ಗುರುತಿಸುತ್ತವೆ ಅಂತ ಯೋಹಾನ 10ರಲ್ಲಿದೆ. ಅವು ಗುರುತಿಸುವುದು ದಿನಾ ಕೇಳಿ ಕೇಳಿ.

ಆ ನೀಲಿ ನೋಟ್‌ಬುಕ್ ಇನ್ನೂ ಇದೆಯಾ? ಒಬ್ಬಳೇ ತೆರೆಯಬೇಡ. ನಿನ್ನಿಂದ ಏನೂ ಬೇಡದವರ ಜೊತೆ ಕೂತು ತೆರೆ. ರಾತ್ರಿ ನಿದ್ದೆ ಬರದಿದ್ದರೆ, ಎದೆ ಹೊಡೆದುಕೊಂಡರೆ ಡಾಕ್ಟರ ಹತ್ತಿರವೂ ಹೋಗು. ಅದು ನಂಬಿಕೆ ಕಡಿಮೆಯಾಯಿತು ಅಂತ ಅಲ್ಲ.

ಕಿಟಕಿ:

ಆಂಟಿ, ಡಾಕ್ಟರ ವಿಷಯ ಬರೆದದ್ದಕ್ಕೆ ತುಂಬ ಥ್ಯಾಂಕ್ಸ್. ನನಗೆ ಅದನ್ನು ಯಾರಾದರೂ ಎರಡು ವರ್ಷ ಮೊದಲೇ ಹೇಳಿದ್ದರೆ!

ಸಣ್ಣ ಹಣತೆ:

ಮೂರು ವಾರದ ಮೇಲೆ ಬರೆಯುತ್ತಿದ್ದೇನೆ. ತಡವಾಗಿ ಬಂದವರೇ, ನಿಮ್ಮ ಕ್ಷಮೆಯ ಮಾತನ್ನು ಓದಿ ಅತ್ತೆ. ಇಷ್ಟು ದಿನ ಅಳು ಬರುತ್ತಿರಲಿಲ್ಲ.

ನೋಟ್‌ಬುಕ್ ತೆಗೆದುಕೊಂಡು ನಮ್ಮ ಹಳೆಯ ಸಭೆಯ ಒಬ್ಬ ಹಿರಿಯ ಆಂಟಿಯ ಹತ್ತಿರ ಹೋದೆ. ಅವರು ಯಾವುದನ್ನೂ ಸುಳ್ಳು ಅಂತ ಹೇಳಲಿಲ್ಲ. ಒಂದು ಪೆನ್ಸಿಲ್ ಕೊಟ್ಟರು. ಪ್ರತಿ ಪುಟಕ್ಕೂ ಒಂದೇ ಪ್ರಶ್ನೆ ಕೇಳಿದರು: ‘ಇದನ್ನು ಕೇಳಿದ ಮೇಲೆ ನೀನು ಯಾರ ಹತ್ತಿರ ಹೋದೆ, ಯೇಸುವಿನ ಹತ್ತಿರವೋ, ಅವರ ಹತ್ತಿರವೋ?’ ಪುಟದ ಮೂಲೆಯಲ್ಲಿ ನಾನೇ ಗುರುತು ಹಾಕಿದೆ. ಸುಮಾರು ನಲವತ್ತು ಪುಟ. ಅದರಲ್ಲಿ ಮೂವತ್ತಕ್ಕೂ ಹೆಚ್ಚು ಸಲ ‘ಅವರ ಹತ್ತಿರ’ ಅಂತ ಬರೆದೆ. ಬರೆಯುತ್ತಾ ಹೋದ ಹಾಗೆ ಕೈ ನಡುಗುವುದು ನಿಂತಿತು.

ಮೊದಲ ಪುಟ ಮಾತ್ರ ಉಳಿಯಿತು. ಅಪ್ಪನ ವಿಷಯ. ಅವತ್ತು ನಾನು ನಿಜವಾಗಲೂ ದೇವರ ಹತ್ತಿರ ಅತ್ತಿದ್ದೆ. ಇದಕ್ಕೆ ಏನು ಬರೆಯಲಿ ಆಂಟಿ ಅಂತ ಕೇಳಿದೆ. ‘ಇದನ್ನು ಇವತ್ತೇ ತೀರ್ಮಾನ ಮಾಡಬೇಡ’ ಅಂತ ನೋಟ್‌ಬುಕ್ ಮುಚ್ಚಿ, ಅಪ್ಪನ ಬಗ್ಗೆ ಕೇಳಿದರು. ಅಪ್ಪ ಹೇಗೆ ನಗುತ್ತಿದ್ದರು, ಯಾವ ಹಾಡು ಹಾಡುತ್ತಿದ್ದರು, ಯಾಕೆ ಜಗಳವಾಯಿತು. ಕತ್ತಲಾಗುವವರೆಗೂ ಮಾತಾಡಿದೆ.

ಗೆಳತಿ ವಾಪಸ್ ಫೋನ್ ಮಾಡಿದಳು. ಭಾನುವಾರ ಬರುತ್ತಾಳೆ.

ನಿನ್ನೆ ಬೆಳಿಗ್ಗೆ ಮಾರ್ಕನ ಮೊದಲ ಅಧ್ಯಾಯವನ್ನು ಗಟ್ಟಿಯಾಗಿ ಓದಿದೆ. ಯೇಸು ಇನ್ನೂ ಮಬ್ಬಿರುವಾಗಲೇ ಎದ್ದು, ಯಾರೂ ಇಲ್ಲದ ಕಡೆಗೆ ಹೋಗಿ ಪ್ರಾರ್ಥನೆ ಮಾಡುವಲ್ಲಿ ನನ್ನ ಗಂಟಲು ಕಟ್ಟಿತು. ಸ್ವಲ್ಪ ಹೊತ್ತು ಸುಮ್ಮನಿದ್ದು ಮುಂದೆ ಓದಿದೆ. ದನಿ ನನ್ನದೇ ಇತ್ತು. ಇವತ್ತು ಎರಡನೇ ಅಧ್ಯಾಯ.